ಪಕ್ಕದ ಕುರ್ಚಿಯಲ್ಲಿ ಅತ್ತೆಯ ಸೀರೆ

2003ನೇ ಇಸವಿ. ನಾವು ಬಾಗಲಕೋಟೆ ಬಿಟ್ಟು ಪುಣೆಯ ಕೋಥರೂಡಕ್ಕೆ ಬಂದು ಆರು ವರ್ಷವಾಗಿತ್ತು. ಆಗ ಸಂಜೆ ಹೊತ್ತು ಹಿಂದಿ ಚಾನೆಲ್ ಒಂದರಲ್ಲಿ ಗೃಹಿಣಿಯರ ಆಟದ ಕಾರ್ಯಕ್ರಮ ಬರುತ್ತಿತ್ತು. ಅದನ್ನು ನಡೆಸಿಕೊಡುತ್ತಿದ್ದವನು ಒಬ್ಬ ಹಿಂದಿ ಸಿನಿಮಾ ನಟ. ನಮ್ಮ ಅತ್ತೆಗೆ ಅವನೆಂದರೆ ಪ್ರಾಣ.

ಅವನ ಕಥೆಯನ್ನೆಲ್ಲ ಅತ್ತೆಯೇ ನನಗೆ ಒಪ್ಪಿಸಿದ್ದರು. ತೊಂಬತ್ತರ ಆಸುಪಾಸಿನಲ್ಲಿ ಮೋಟಾರ್ ಸೈಕಲ್ ಹತ್ತಿ ಹೀರೋ ಆಗಿ ಬಂದ. ಎರಡು ಸಿನಿಮಾ ಮಕಾಡೆ ಮಲಗಿದವು. ಆಮೇಲೆ ಹೀರೋನ ತಮ್ಮನಾದ, ಗೆಳೆಯನಾದ, ಕಡೆಗೆ ಖಳನಾಯಕನ ಬಲಗೈ ಬಂಟನಾದ. ಇಂಟರ್ವಲ್ಲಿಗೆ ಮೊದಲೇ ಸಾಯುವುದು ಅವನಿಗೆ ರೂಢಿಯಾಯಿತು. ನಡುವೆ ಮೂರ್ನಾಲ್ಕು ವರ್ಷ ಎಲ್ಲಿಯೂ ಕಾಣಲಿಲ್ಲ. ಈಗ ಟಿ.ವಿ.ಗೆ ಬಂದು ದೇಶದ ಹೆಂಗಸರನ್ನೆಲ್ಲ ‘ಭಾಭಿ’, ಅಂದರೆ ಅತ್ತಿಗೆ, ಎಂದು ಮಾತಾಡಿಸುತ್ತಿದ್ದ. “ಪಾಪ, ಸಿನಿಮಾದಾಗ ಎಷ್ಟ್ ಸಲ ಸತ್ತಾನವ್ವಾ! ಟಿ.ವಿ.ಯಾಗರ ಬದುಕಲಿ,” ಎನ್ನುತ್ತಿದ್ದರು ಅತ್ತೆ.

ಆ ಕಾರ್ಯಕ್ರಮದ ಶೂಟಿಂಗು ಪುಣೆಯ ಒಂದು ಸಭಾಗೃಹದಲ್ಲೇ ನಡೆಯುವುದೆಂದು ಗೊತ್ತಾಯಿತು. ಪಕ್ಕದ ಮನೆಯವರು ತಮಗೆ ಸಿಕ್ಕಿದ್ದ ಪಾಸನ್ನು ನನಗೆ ಕೊಟ್ಟರು. ಅತ್ತೆ ಬಾಗಲಕೋಟೆಗೆ ಮಗಳ ಮನೆಗೆ ಹೋಗಿದ್ದರು, ಮರುದಿನ ಬೆಳಿಗ್ಗೆ ಬರುವವರಿದ್ದರು. ನನಗೋ ನನ್ನ ಸೀರೆ ಯಾವುದೂ ಮನಸ್ಸಿಗೆ ಬರಲಿಲ್ಲ. ಅತ್ತೆಯ ಟ್ರಂಕು ತೆಗೆದೆ. ಹಸಿರು ಮೈ, ಕೆಂಪು ಸೆರಗಿನ ಇಳಕಲ್ ಸೀರೆ. ಅದು ಅವರ ಧಾರೆ ಸೀರೆ. ಮಾವ ತೀರಿಕೊಂಡ ಮೇಲೆ ಅವರು ಅದನ್ನು ಉಟ್ಟಿರಲಿಲ್ಲ. ವರ್ಷಕ್ಕೊಮ್ಮೆ ತೆಗೆದು, ಬಿಸಿಲಿಗೆ ಹಿಡಿದು, ಮತ್ತೆ ಮಡಿಸಿ ಇಡುತ್ತಿದ್ದರು. ಒಂದು ದಿನದ ಮಟ್ಟಿಗೆ ಅಲ್ಲವೇ, ಯಾರಿಗೆ ಗೊತ್ತಾಗುತ್ತದೆ ಎಂದು ಉಟ್ಟುಕೊಂಡು ಹೊರಟೆ. ಟಿ.ವಿ.ಯಲ್ಲಿ ನಾನು ಕಂಡರೆ ಸೀರೆಯೂ ಕಾಣುತ್ತದೆ ಎನ್ನುವುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಬಾಗಿಲಲ್ಲಿ ಕುರ್ಚಿಯ ನಂಬರು, ಹೆಸರು, ವಿಳಾಸ ಬರೆಸಿಕೊಂಡು ಒಳಗೆ ಬಿಟ್ಟರು. ನನಗೆ ಮುಂದಿನ ಸಾಲೇ ಸಿಕ್ಕಿತು. ಪಕ್ಕದಲ್ಲಿ ನನ್ನದೇ ವಯಸ್ಸಿನ ಮರಾಠಿ ಹೆಂಗಸು. ನಾನು ಅವರನ್ನು ತಾಯಿ ಎಂದೆ, ಅವರೂ ನನ್ನನ್ನು ತಾಯಿ ಎಂದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಒಂದೇ ತಾಸಿನಲ್ಲಿ ಮಕ್ಕಳ ಮಾರ್ಕ್ಸು, ಮೊಣಕಾಲು ನೋವು ಎಲ್ಲ ಮಾತಾಡಿದೆವು, ಹೆಸರು ಮಾತ್ರ ಕೇಳಿಕೊಳ್ಳಲಿಲ್ಲ.

ಮೊದಲ ಎಪಿಸೋಡು ಮುಗಿಯುತ್ತಿದ್ದಂತೆ ಯೂನಿಟ್ಟಿನ ಮ್ಯಾನೇಜರ್ ಬಂದ. ಇನ್ನು ಮರುದಿನದ ಎಪಿಸೋಡು ತೆಗೆಯುತ್ತೇವೆ, ಮುಂದಿನ ಸಾಲಿನವರು ಸೀರೆ ಬದಲಿಸಬೇಕು, ಇಲ್ಲದಿದ್ದರೆ ಹಿಂದೆ ಹೋಗಿ ಕೂರಿ ಎಂದ. ಒಂದೇ ದಿನದಲ್ಲಿ ಎರಡು ದಿನದ ಆಟ! ನಟನೂ ಅಷ್ಟರಲ್ಲಿ ಕೋಟು ಬದಲಿಸಿಕೊಂಡು ಬಂದಿದ್ದ. ನಮ್ಮಿಬ್ಬರ ಹತ್ತಿರವೂ ಬೇರೆ ಸೀರೆ ಇರಲಿಲ್ಲ, ಹಿಂದೆ ಹೋಗುವ ಮನಸ್ಸೂ ಇರಲಿಲ್ಲ. ಪಕ್ಕದ ತಾಯಿ ನಕ್ಕು, “ತುಮಚಿ ಮಲಾ ದ್ಯಾ, ಮಾಝಿ ತುಮ್ಹಿ ಘ್ಯಾ,” ಎಂದರು. ನಿಮ್ಮದು ನನಗೆ ಕೊಡಿ, ನನ್ನದು ನೀವು ತೊಗೊಳ್ಳಿ ಅಂತ. ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅದಲು ಬದಲು ಮಾಡಿಕೊಂಡೆವು. ಧಾರೆ ಸೀರೆ ಅಂತ ಅವರಿಗೆ ನಾನು ಹೇಳಲೂ ಇಲ್ಲ.

ಎರಡನೆಯದು ಮುಗಿದಾಗ ಹೊರಗೆ ಪ್ರೇಕ್ಷಕರ ಮುಂದಿನ ತಂಡ ಕಾಯುತ್ತಿತ್ತು. ಬೇಗ ಬೇಗ ಎಂದು ಎರಡು ಬಾಗಿಲಿನಿಂದ ನಮ್ಮನ್ನು ಖಾಲಿ ಮಾಡಿಸಿದರು. ನೂಕಾಟದಲ್ಲಿ ನಾನು ಈ ಬಾಗಿಲಿಗೆ, ಅವರು ಆ ಬಾಗಿಲಿಗೆ. ಸುತ್ತು ಹಾಕಿ ಓಡಿ ಹೋಗಿ ನೋಡಿದರೆ ತಾಯಿ ಇಲ್ಲ. ಅರ್ಧ ತಾಸು ಹುಡುಕಿದೆ. ಮೈಮೇಲೆ ಯಾರದೋ ನೀಲಿ ಸೀರೆ, ಮರುದಿನ ಬೆಳಿಗ್ಗೆ ಅತ್ತೆ.

ಬಾಗಿಲಲ್ಲಿ ಬರೆಸಿಕೊಂಡ ಹಾಳೆ ನೋಡಿ ಹೇಳಿ ಎಂದು ಮ್ಯಾನೇಜರನನ್ನು ಬೇಡಿಕೊಂಡೆ. ಈಗ ಟೈಮಿಲ್ಲ, ನಾಳೆ ಬನ್ನಿ ಎಂದ. ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

“ಕ್ಯಾ ಹುವಾ, ಭಾಭಿ?”

ನೋಡಿದರೆ ಆ ನಟನೇ! ಕತ್ತಿಗೆ ಟವೆಲು, ಕೈಯಲ್ಲಿ ಚಹಾ. ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡೆ, ನಗಲಿಲ್ಲ. “ಹನ್ನೆರಡು ವರ್ಷದಿಂದ ನಾನೂ ಕಂಪನಿ ಬಟ್ಟೆಯಲ್ಲೇ ದುಡಿಯುತ್ತಿದ್ದೇನೆ. ಸಂಜೆ ಬಿಚ್ಚಿ ಕೊಡದೆ ಮನೆಗೆ ಹೋದದ್ದಿಲ್ಲ. ಆ ಹಾಳೆ ಸಿಗುವವರೆಗೆ ನಾನು ಒಳಗೆ ಬರುವುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿ ಮ್ಯಾನೇಜರನ ಮುಖ ನೋಡಿದರು. ಸಿನಿಮಾದಲ್ಲಿ ಯಾರನ್ನೂ ಹೆದರಿಸಲಾಗದೆ ಸಾಯುತ್ತಿದ್ದ ಮನುಷ್ಯ ಅವತ್ತು ಹೆದರಿಸಿದರು. ಎರಡು ನಿಮಿಷದಲ್ಲಿ ಹಾಳೆ ಬಂತು. ನನ್ನ ಪಕ್ಕದ ನಂಬರಿನ ಎದುರು ಸದಾಶಿವ ಪೇಠದ ವಿಳಾಸವಿತ್ತು.

ರಿಕ್ಷಾ ಹಿಡಿದು ಹೋದೆ. ಹಳೆಯ ವಾಡೆಯೊಂದರ ಮೆಟ್ಟಿಲ ಮೇಲೆ ತಾಯಿ ಕೂತಿದ್ದರು, ಮಡಿಲಲ್ಲಿ ಅತ್ತೆಯ ಸೀರೆ, ಅಚ್ಚುಕಟ್ಟಾಗಿ ಮಡಿಸಿದ್ದು. ಅವರೂ ನನ್ನನ್ನು ಹುಡುಕಿ ಸೋತು ಬಂದಿದ್ದರಂತೆ. ನನ್ನನ್ನು ಕಂಡವರೇ ದೇವರ ಹೆಸರು ಹೇಳಿ ತಬ್ಬಿಕೊಂಡರು. ಒಳಗೆ ಹೋಗಿ ನೀಲಿ ಸೀರೆ ಅವರಿಗೆ ಕೊಟ್ಟು ಅತ್ತೆಯ ಸೀರೆ ಉಟ್ಟೆ. ಬಂದ ಸುವಾಸಿನಿಯನ್ನು ಬರಿಗೈಲಿ ಕಳಿಸಬಾರದೆಂದು ಅವರು ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದರು. ಮನೆಗೆ ಬಂದು ಸೀರೆಯನ್ನು ಗಡಿಬಿಡಿಯಲ್ಲಿ ಟ್ರಂಕಿಗೆ ಸೇರಿಸಿದ ಮೇಲೆಯೇ ನಾನು ನೆಟ್ಟಗೆ ಉಸಿರಾಡಿದ್ದು.

ಶೂಟಿಂಗಿಗೆ ಹೋದದ್ದನ್ನು ಅತ್ತೆಗೆ ಹೇಳಿದೆ, ಸೀರೆಯ ಮಾತು ಬಿಟ್ಟು. ತಿಂಗಳ ಮೇಲೆ ಮೊದಲ ಎಪಿಸೋಡು ಬಂದ ಸಂಜೆ ಅವರನ್ನು ಉಪಾಯವಾಗಿ ಗುಡಿಗೆ ಕರೆದುಕೊಂಡು ಹೋದೆ. ಮರುದಿನ ಎರಡನೆಯದು. ಭಯವಿಲ್ಲ, ಅದರಲ್ಲಿ ನನ್ನ ಮೈಮೇಲೆ ಇದ್ದದ್ದು ನೀಲಿ ಸೀರೆ. ಧೈರ್ಯವಾಗಿ ಪಕ್ಕದಲ್ಲೇ ಕೂತೆ. ಕ್ಯಾಮೆರಾ ನನ್ನ ಮುಖಕ್ಕೆ ಬಂತು. ಹಾಗೆಯೇ ಪಕ್ಕದ ಕುರ್ಚಿಗೂ ಸರಿಯಿತು! ಹಸಿರು ಮೈ, ಕೆಂಪು ಸೆರಗು, ಟಿ.ವಿ. ತುಂಬ.

ನಾನು ನೆಲ ನೋಡುತ್ತ ಕೂತೆ. ಅತ್ತೆ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

“ನನಗ ಅವತ್ತ ಗೊತ್ತಾಗೇದ. ಊರಿಂದ ಬಂದು ಟ್ರಂಕ್ ತಗದಾಗ ಸೀರಿ ಮಡಿಕ್ಯಾಗ ಅಕ್ಕಿಕಾಳು ಇದ್ದವು. ಯಾರೋ ಉಡಿ ತುಂಬಿ ಕಳಿಸ್ಯಾರ, ಮರ್ಯಾದಿಲೆ ಹೋಗಿ ಬಂದದ ಅಂತ ಸುಮ್ನಿದ್ದೆ. ನೀನ ಹೇಳ್ತಿ ಅಂತ ಕಾದೆ.”

“ತಪ್ಪಾತ್ರಿ ಅತ್ತಿ,” ಎಂದೆ.

“ತಪ್ಪು ಹೌದು. ಅಕಿಗೆ ಯಾಕ ಕೊಟ್ಟಿ? ನಿನಗ ಎಷ್ಟ್ ಛಲೋ ಒಪ್ತಿತ್ತು. ನಾ ಒಂದಿನಾನೂ ನೋಡ್ಲಿಲ್ಲ. ಏಳು, ಉಟ್ಕೊಂಡು ಬಾ.”

ಉಟ್ಟುಕೊಂಡು ಬಂದೆ. ಅತ್ತೆ ಕಾರ್ಯಕ್ರಮ ಬಿಟ್ಟು ನನ್ನನ್ನೇ ನೋಡಿದರು. ಆವತ್ತು ಎದೆಯಿಂದ ಇಳಿದ ಭಾರವನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅತ್ತೆ ಈಗಿಲ್ಲ, ಸೀರೆ ನನ್ನಲ್ಲಿದೆ. ಹಳೆಯ ಸಿನಿಮಾದಲ್ಲಿ ಆ ನಟರು ಬಂದರೆ ಇಂಟರ್ವಲ್ಲಿಗೆ ಸ್ವಲ್ಪ ಮೊದಲೇ ನಾನು ಚಾನೆಲ್ ಬದಲಿಸಿಬಿಡುತ್ತೇನೆ. ಅವರು ಸಾಯುವುದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ.