ತಿರುವಿನಲ್ಲಿ ಎರಡು ನಿಮಿಷ

ಜನ ದಿನನಿತ್ಯ ಕಾರನ್ನು ಹೇಗೆ ಓಡಿಸುತ್ತಾರೆ ಎಂದು ಅಳೆಯಲು ಹೊರಟವಳು ನಾನು. ಹೊಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ತಾಳ್ಮೆ ನನ್ನ ಜಾತಕದಲ್ಲೇ ಬರೆದಿಲ್ಲ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಸ್ಟೀರಿಂಗ್ ಕೆಳಗೆ ಸಿಕ್ಕಿಸಿದರೆ ಸಾಕು, ವೇಗ, ಬ್ರೇಕು, ಕಾರು ನಿಂತ ಜಾಗ ಎಲ್ಲ ಬರೆದಿಡುತ್ತದೆ. ಮೊದಲು ನಾಲ್ಕೇ ಕಾರುಗಳಲ್ಲಿ ಪ್ರಯೋಗ. ತಿಂಗಳ ಕೊನೆಗೆ ಅದರ ಫಲವನ್ನು ಕಾಲೇಜಿನ ಸಮಿತಿಯ ಮುಂದಿಡಬೇಕು. ನಂಬುವಂತಿದ್ದರೆ ದೊಡ್ಡ ಅಧ್ಯಯನ. ಇಲ್ಲದಿದ್ದರೆ ಪೆಟ್ಟಿಗೆಗಳು ಬೀರುವಿಗೆ, ನಾನು ಉತ್ತರಪತ್ರಿಕೆ ತಿದ್ದುವುದಕ್ಕೆ.

ಕ್ಯಾಮೆರಾ ಬೇಡ ಎಂದು ಹಟ ಹಿಡಿದವಳೂ ನಾನೇ. ಯಾರೋ ನೋಡುತ್ತಿದ್ದಾರೆ ಎಂದರೆ ಯಾರು ತಾನೇ ಎಂದಿನಂತೆ ಓಡಿಸುತ್ತಾರೆ? ಒಂದು ಕಾರಿಗೆ ಒಬ್ಬ ಚಾಲಕ, ಫಾರಂ ಮೇಲೆ ಒಂದು ಸಹಿ, ಮುಗಿಯಿತು ಎಂದುಕೊಂಡಿದ್ದೆ.

ನಾಲ್ಕರಲ್ಲಿ ಒಂದು ಕಾರು ನನ್ನ ಸೋದರಮಾವನದು. ಹೊಸೂರಿನದೇ ಆಲಸನತ್ತಂನಲ್ಲಿ ಮನೆ, ಹೆಡ್‌ಮಾಸ್ಟರಾಗಿ ನಿವೃತ್ತರು. ಅತ್ತೆಗೆ ಇನ್ನೂ ಸರ್ವಿಸ್ ಇದೆ, ಸೂಳಗಿರಿಯಲ್ಲಿ ಟೀಚರು. ಮಾವ ಬೆಳಿಗ್ಗೆ ಅವರನ್ನು ಶಾಲೆಗೆ ಬಿಟ್ಟು ಬರುತ್ತಾರೆ, ಸಂಜೆ ಹೋಗಿ ಕರೆತರುತ್ತಾರೆ. "ಮಾವ, ಎಂದಿನ ಥರಾನೇ ಓಡ್ಸಿ" ಎಂದು ಹತ್ತು ಸಲ ಹೇಳಿದ್ದೆ. "ಚಿಂತೆ ಬಿಡಮ್ಮ, ನಿನ್ ಹೆಸ್ರು ಕೆಡಿಸ್ತೀನಾ" ಎಂದಿದ್ದರು. ಆ ಮಾತನ್ನು ಬರೀ ಪ್ರೀತಿ ಎಂದು ತಿಳಿದೆ.

ಮಾವನ ಕಾರಿನ ಎರಡು ವಾರದ ದಾಖಲೆ ತೆರೆದಾಗ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅದೇ ಕಾರು, ಅದೇ ಹೆದ್ದಾರಿ. ಬೆಳಿಗ್ಗೆ ಸೂಳಗಿರಿಗೆ ಹೋಗುವಾಗ ಗ್ರಾಫಿನ ಗೆರೆ ನಯವೋ ನಯ. ವಾಪಸ್ ಬರುವಾಗ ಬ್ರೇಕಿನ ಮೇಲೆ ಬ್ರೇಕು. ಬೆಂಗಳೂರು ಕಡೆ ಹೋಗುವ ಲಾರಿಗಳ ಸಾಲೇ ಜನರನ್ನು ರೇಗಿಸುತ್ತದೆ ಎಂದು ಸಿದ್ಧಾಂತ ಕಟ್ಟಿಯೇಬಿಟ್ಟೆ. ಖುಷಿಗೆ ಎರಡು ಕಾಫಿ ಕುಡಿದೆ. ಆಮೇಲೆ ಸಂಜೆಯ ಗೆರೆ ನೋಡಿದರೆ ಎಲ್ಲ ತಲೆಕೆಳಗು: ಹೋಗುವಾಗ ಕುಲುಕಾಟ, ಬರುವಾಗ ನಯ. ಸಿದ್ಧಾಂತ ಮಣ್ಣುಪಾಲು. ಇನ್ನೊಂದು ವಿಚಿತ್ರವೂ ಕಂಡಿತು. ಬೆಳಿಗ್ಗೆ ಮನೆ ಬಿಟ್ಟು ಮೊದಲ ತಿರುವು ದಾಟಿದ ಕೂಡಲೇ ಕಾರು ಎರಡು ನಿಮಿಷ ನಿಲ್ಲುತ್ತಿತ್ತು, ಸಂಜೆ ಮನೆ ಸೇರುವ ಮುಂಚೆಯೂ ಅಲ್ಲೇ. ಅಲ್ಲಿ ಅಂಗಡಿಯಿಲ್ಲ, ಸಿಗ್ನಲ್ಲಿಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಆ ತಿರುವಿಗೆ ಹೋಗಿ ನಿಂತೆ. ಕಾರು ಬಂತು, ನಿಂತಿತು. ಬಲಗಡೆಯಿಂದ ಮಾವ ಇಳಿದರು, ಎಡಗಡೆಯಿಂದ ಅತ್ತೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಸ್ಟೀರಿಂಗ್ ಮುಂದೆ ಕೂತರು. ನಾನು ಓಡಿಹೋಗಿ ಕಿಟಕಿಯಲ್ಲಿ ಮುಖ ತೂರಿಸಿದೆ.

"ಮಾವ, ಏನಿದು?"

ಮಾವ ಒಂಚೂರೂ ಅಳುಕಲಿಲ್ಲ. "ಇನ್‌ಸ್ಪೆಕ್ಟರು ಬಂದಾಗ ಮುಂದಿನ ಬೆಂಚಲ್ಲಿ ಯಾರ್ನ ಕೂರಿಸ್ತೀವಿ? ಚೆನ್ನಾಗಿ ಓದೋ ಮಕ್ಳನ್ನ ತಾನೆ? ಇವ್ಳ ಕೈ ನಂಗಿಂತ ಚೆನ್ನಾಗೈತೆ ಕಣಮ್ಮ. ವಾಪಸ್ ಬರೋವಾಗ ಇವ್ಳಿರಲ್ಲ, ಏನ್ಮಾಡೋದು, ನಾನೇ ಓಡಿಸ್ಬೇಕು. ಬೀದಿಯವ್ರ ಮುಂದೆ ಯಾಕೆ ಅಂತ ಇಲ್ಲಿ ಬಂದು ಬದ್ಲಾಯಿಸ್ಕೊಂತೀವಿ, ಅಷ್ಟೇ."

ನಗು ಬಂತು, ಸಿಟ್ಟೂ ಬಂತು. "ನಂಗೆ ಬೇಕಾಗಿದ್ದು ಚೆನ್ನಾಗಿ ಓಡ್ಸೋದಲ್ಲ ಮಾವ, ಎಂದಿನಂಗೆ ಓಡ್ಸೋದು. ಇನ್ನೆರಡು ವಾರ ನೀವೇ ಓಡ್ಸಿ. ಇಲ್ದಿದ್ರೆ ನನ್ ಪ್ರಯೋಗಾನೇ ಕೆಟ್ಟೋಗ್ತದೆ."

ಅತ್ತೆಯ ಮುಖ ಸಣ್ಣಗಾಯಿತು. ಲೈಸೆನ್ಸ್ ಮಾಡಿಸಿ ಎಷ್ಟೋ ವರ್ಷವಾಗಿದ್ದರೂ, ಈ ಪೆಟ್ಟಿಗೆ ಬರುವವರೆಗೆ ಅವರ ಕೈಗೆ ಕೀ ಸಿಗುತ್ತಿದ್ದುದು ಮಾವನಿಗೆ ಜ್ವರ ಬಂದಾಗ ಮಾತ್ರ. ಮಾವ ಬಲಗಡೆಗೆ ಬಂದು ಬಾಗಿಲು ತೆಗೆದು ನಿಂತರು. ಅತ್ತೆ ಏಳಲಿಲ್ಲ.

"ಎಂದಿನಂಗೆ ಅಂದ್ರೆ ಏನಮ್ಮ? ಇನ್ಮೇಲೆ ನಮ್ಮನೇಲಿ ದಿನಾ ಇದೇ. ಹಂಗಂತ ಬರ್ಕೊ" ಎಂದರು ನನಗೆ. ಆಮೇಲೆ ಮಾವನ ಕಡೆ ತಿರುಗಿ, "ಬೆಲ್ ಹೊಡೆಯೋ ಹೊತ್ತಾಯ್ತು. ಆ ಕಡೆಯಿಂದ ಹತ್ಕೊಳ್ಳಿ" ಎಂದರು.

ಮಾವ ಹತ್ತಿಕೊಂಡರು. ಕಾರು ಹೋಯಿತು. ಕಾರಿಗೊಬ್ಬನೇ ಚಾಲಕ ಎಂದು ಬರೆದ ಮಹಾ ಬುದ್ಧಿವಂತೆ ನಾನಲ್ಲವೇ? ಮಾವನದು ಯಾವ ತಪ್ಪು? ಸ್ಕೂಟರ್ ಸೀಟಿನ ಮೇಲೆಯೇ ಫಾರಂ ಇಟ್ಟು ಹೊಸ ಕಾಲಂ ಎಳೆದೆ: ಪ್ರತಿ ಸಲವೂ, ಓಡಿಸಿದವರ ಹೆಸರು. ಓಡಿಸುವವರೆಲ್ಲರ ಸಹಿಯೂ ಬೇಕು. ಸಮಿತಿಯ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ಅವರು ಹೊಟ್ಟೆ ತುಂಬ ನಕ್ಕರು, ಕಾಲಂ ನೋಡಿದರು, ಅಧ್ಯಯನಕ್ಕೆ ಒಪ್ಪಿದರು.

ದೊಡ್ಡ ಅಧ್ಯಯನದ ಮೊದಲ ವಾರದ ದಾಖಲೆ ಬಂದಾಗ ಮಾವನ ಕಾರನ್ನೇ ಮೊದಲು ನೋಡಿದೆ. ತಿರುವಿನಲ್ಲಿ ಕಾರು ನಿಂತೇ ಇರಲಿಲ್ಲ. ಮನೆಯ ಗೇಟಿನಿಂದಲೇ ಗೆರೆ ನಯವಾಗಿತ್ತು. ಕಾಲಂ ತುಂಬಿದವರು ಮಾವ, ಕರಿಹಲಗೆಯ ದುಂಡನೆಯ ಅಕ್ಷರದಲ್ಲಿ. 'ಲೇ' ಎಂದಲ್ಲದೆ ಎಂದೂ ಕರೆಯದ ಹೆಂಡತಿಯ ಹೆಸರನ್ನು ದಿನಕ್ಕೆರಡು ಸಲ ಪೂರ್ತಿಯಾಗಿ ಬರೆದಿದ್ದರು, ಇನಿಷಿಯಲ್ ಸಮೇತ.