ಭಟ್ಕಳದಿಂದ ಬಂದ ಹಳೆಯ ಡಾಸ್

ಕಾಸರಕೋಡಿನ ಮೀನುಗಾರ್ತಿ ನಾಗಿ ತನ್ನ ಮಗಳು ದೇವಿಯನ್ನೂ ಮೀನು ಮಾರಲು ಕರೆದೊಯ್ದು ನೋಡಿದಳು. ದೇವಿಗೆ ಮೀನು ತಿನ್ನುವುದು ಒಗ್ಗಿತ್ತು, ಮಾರುವುದು ಒಗ್ಗಲಿಲ್ಲ. ಗಿರಾಕಿ ಚೌಕಾಸಿಗೆ ಬಾಯಿ ತೆರೆದರೆ ಸಾಕು, "ಹಾಂಗಾರೆ ಬೇಡ ಬಿಡಿ" ಎಂದು ಬುಟ್ಟಿ ಮುಚ್ಚಿಬಿಡುತ್ತಿದ್ದಳು. ವಾರ ತುಂಬುವ ಮೊದಲೇ ನಾಗಿ ಕೈಮುಗಿದು, "ನೀ ಎಂತಾದ್ರೂ ಕಲ್ತುಕೋ ಮಾರಾಯ್ತಿ, ನನ್ನ ಗಿರಾಕಿಗಳನ್ನ ಓಡಿಸ್ಬೇಡ" ಎಂದಳು. ಹಾಗೆ ಎಪ್ಪತ್ತರ ದಶಕದ ಕೊನೆಯಲ್ಲಿ ದೇವಿ ಕುಮಟೆಯ ದುರ್ಗಪ್ಪನ ಟೈಪಿಂಗ್ ಕ್ಲಾಸಿಗೆ ಸೇರಿದಳು. ಕಲಿತು ಮುಗಿದ ಮೇಲೂ ಅಲ್ಲೇ ಉಳಿದು ಕಲಿಸುವವಳಾದಳು. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ನೋಡಲು ಬಂದ ಗಂಡುಗಳ ಹತ್ತಿರವೂ ಅವಳದು ಚೌಕಾಸಿಯಿಲ್ಲದ ಮಾತೇ. ಹಾಗಾಗಿ ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ನಾಗಿಗೆ ಅದೊಂದೇ ಚಿಂತೆ.

ಎಂಬತ್ತೊಂಬತ್ತರಲ್ಲಿ ದುರ್ಗಪ್ಪ ಮುಂಬಯಿಯಿಂದ ಕಂಪ್ಯೂಟರ್ ತರಿಸಿದ. ಬಾಗಿಲಿಗೆ "ಅತ್ಯಾಧುನಿಕ" ಎಂಬ ಬೋರ್ಡು ಬಿತ್ತು. ಯಂತ್ರದ ಮೇಲೆ ಕಸೂತಿ ಹಾಕಿದ ಬಟ್ಟೆ, ಪಕ್ಕದಲ್ಲಿ ಊದುಬತ್ತಿ. ಬಾಡ ಊರಿನ ತಿಮ್ಮಪ್ಪ ಎಂಬ ಶಾಲಾ ಮಾಸ್ತರ, ತನ್ನ ಮದುವೆಯ ಕರೆಯೋಲೆ ಕಂಪ್ಯೂಟರಿನಲ್ಲೇ ಆಗಬೇಕು, ಕನ್ನಡದಲ್ಲೇ ಆಗಬೇಕು ಎಂದು ಬಂದು ಕೂತ. ದುರ್ಗಪ್ಪ ಹಿಂದುಮುಂದು ನೋಡದೆ ಒಪ್ಪಿಕೊಂಡು, ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಂ ಒಂದನ್ನು ಹುಬ್ಬಳ್ಳಿಯಿಂದ ತರಿಸಿದ.

ದೇವಿ ಅದನ್ನು ಹಾಕಿ ಗುಂಡಿ ಒತ್ತಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು.

"ಎಂತ ಹೇಳ್ತದೆ ಅದು?" ದುರ್ಗಪ್ಪ ಕೇಳಿದ.

"ಮೆಮೊರಿ ಸಾಕಾಗುದಿಲ್ಲ ಹೇಳ್ತದೆ ದುರ್ಗಣ್ಣ."

"ಹೊಸಾ ಯಂತ್ರಕ್ಕೆ ಮರೆವಾ?"

ಹುಬ್ಬಳ್ಳಿಗೆ ಫೋನು ಮಾಡಿದರು. ಯಂತ್ರ ಎದ್ದು ನಿಲ್ಲಲು ಡಾಸ್ ಎಂಬುದೊಂದು ಬೇಕಲ್ಲ, ಇದರಲ್ಲಿರುವುದು ಅದರ ಹೊಚ್ಚ ಹೊಸ ನಾಲ್ಕನೆಯ ಅವತಾರ. ಇರುವ ಮೆಮೊರಿಯನ್ನೆಲ್ಲ ಅದೇ ನುಂಗಿ ಕೂತಿದೆ. ಹಳೆಯ ಮೂರನೆಯದನ್ನು ಹಾಕಿದರೆ ಕನ್ನಡಕ್ಕೆ ಜಾಗ ಸಿಗುತ್ತದೆ ಎಂಬ ಉತ್ತರ ಬಂತು. ದುರ್ಗಪ್ಪನ ಮುಖ ಹುಳ್ಳಗಾಯಿತು. ಹೊರಗೆ ಬೋರ್ಡು ನೋಡಿದರೆ ಅತ್ಯಾಧುನಿಕ! ಆದರೆ ತಿಮ್ಮಪ್ಪ ದಿನವೂ ಸೈಕಲ್ ನಿಲ್ಲಿಸಿ ಇಣುಕುತ್ತಿದ್ದ. ಕೊನೆಗೆ, ದುಬೈಯಿಂದ ಮರಳಿ ಭಟ್ಕಳದಲ್ಲಿ ಅಂಗಡಿ ಇಟ್ಟಿದ್ದ ಶಾಬಂದ್ರಿ ಸಾಹೇಬರ ಬಳಿ ಹಳೆಯ ಡಾಸ್ ಇದೆಯೆಂದು ತಿಳಿದು, ತರುವ ಕೆಲಸ ದೇವಿಗೆ ಬಿತ್ತು.

ಮರುದಿನ ಅವಳು ತಲೆ ಬಾಚಿಕೊಳ್ಳುತ್ತ ತಾಯಿಗೆ ಹೇಳಿದಳು: "ಇವತ್ತು ಕುಮಟೆಗೆ ಹೋಗುದಿಲ್ಲ. ಭಟ್ಕಳಕ್ಕೆ ಹೋಗಿ ಹಳೇ ಡಾಸ್ ತಕಂಡು ಬತ್ತೇನೆ."

ಬಂಗಡೆ ಸೀಳುತ್ತಿದ್ದ ನಾಗಿಯ ಕೈ ನಿಂತಿತು. ಹಿಂದೊಮ್ಮೆ ದಾಸ ಎಂಬ ಭಟ್ಕಳದ ಗಂಡು ದೇವಿಯನ್ನು ನೋಡಲು ಬಂದು ಅವಲಕ್ಕಿ ತಿಂದು ಹೋಗಿದ್ದು ಅವಳಿಗೆ ಮರೆತಿರಲಿಲ್ಲ.

"ದಾಸನ? ಅವನಿಗೆ ಇನ್ನೂ ಮದುವೆ ಆಗಲಿಲ್ವ?"

ದೇವಿ ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದಳು; ಬಸ್ಸಿನ ಗಡಿಬಿಡಿಯಲ್ಲಿ ತಾಯಿಯ ಮಾತು ಸರಿಯಾಗಿ ಕಿವಿಗೆ ಬೀಳಲಿಲ್ಲ. "ಹೊಸದು ನಮಗೆ ಹೊಂದುದಿಲ್ಲ. ಹಳೇದೇ ಆಗ್ಬೇಕು," ಎಂದಷ್ಟೇ ಹೇಳಿ ಬಸ್ಸಿಗೆ ಓಡಿದಳು.

ಶಾಬಂದ್ರಿ ಸಾಹೇಬರು ಚಹಾ ಕೊಟ್ಟು, ಡಬ್ಬಿ ಸಮೇತ ಡಾಸ್ ತುಂಬಿದ ಫ್ಲಾಪಿಗಳನ್ನು ಕೈಗಿತ್ತರು. "ನೋಡಮ್ಮಾ, ಹಾಕೋ ಮುಂಚೆ ಕಂಪ್ಯೂಟರಿನ ಡಿಸ್ಕ್ ಪೂರಾ ಸಾಫ್ ಮಾಡ್ಬೇಕು. ಬೇಕಾದ್ದು ಇದ್ರೆ ಮೊದ್ಲೇ ತೆಗೆದಿಡು. ಅಯಸ್ಕಾಂತದ ಹತ್ರ ಮಾತ್ರ ಇದನ್ನ ಇಡಬೇಡ, ಎಲ್ಲಾ ಅಳಿಸಿ ಹೋಗ್ತದೆ."

ಹಿಂದಿರುಗುವ ಬಸ್ಸಿನಲ್ಲಿ ಅವಳ ಪಕ್ಕಕ್ಕೇ ಒಬ್ಬಾತ ದೊಡ್ಡ ಲೌಡ್‌ಸ್ಪೀಕರ್ ತೊಡೆಯ ಮೇಲಿಟ್ಟುಕೊಂಡು ಕೂತ. ಅದರ ಬೆನ್ನಿಗೆ ಅಯಸ್ಕಾಂತ ಇರುತ್ತದೆಂದು ದೇವಿಗೆ ಗೊತ್ತು. ಎದ್ದು ಹಿಂದಿನ ಸೀಟಿಗೆ ಹೋದಳು. ಅವನು, ಪಾಪ, ಕಿಟಕಿ ಗಾಳಿ ಬೇಕೆಂದು ಅಲ್ಲಿಗೇ ಬಂದ. ಕಾಸರಕೋಡಿನವರೆಗೂ ಅವಳು ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡು ಡ್ರೈವರನ ಬೆನ್ನ ಹಿಂದೆ ನಿಂತೇ ಬಂದಳು.

ಮನೆಯಲ್ಲಿ ಸಿಗಡಿ ಸಾರಿನ ಪರಿಮಳ. ನಾಗಿ ಪೆಟ್ಟಿಗೆಯೊಳಗಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತು, ಮಗಳ ಬೆನ್ನ ಹಿಂದೆ ಹಣಕಿ ಹಾಕಿದಳು. "ಎಲ್ಲಿ ಅವ?"

"ಯಾರು?"

"ದಾಸ!"

ದೇವಿ ಡಬ್ಬಿ ಎತ್ತಿ ತೋರಿಸಿದಳು. ಅರ್ಥವಾದಾಗ ನಕ್ಕು ನಕ್ಕು ಜಗಲಿಯ ಮೇಲೇ ಕುಸಿದಳು. ನಾಗಿ ನಗಲಿಲ್ಲ. ಆದರೆ ಸಾರು ಮಾಡಿಯಾಗಿತ್ತಲ್ಲ. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಮಾರನೆಯ ದಿನ ಕುಮಟೆಯಲ್ಲಿ ಹೊಸ ಡಾಸನ್ನು ಅಳಿಸುವ ಹೊತ್ತಿಗೆ ದುರ್ಗಪ್ಪ ಅಡ್ಡ ಬಂದ. "ತಡಿ ತಡಿ, ನಂದೊಂದು ಮುಖ್ಯವಾದ ಫೈಲ್ ಉಂಟು." ಯಾವುದೆಂದು ಕೇಳಿದರೆ ಬಾಯಿ ಬಿಡಲೊಲ್ಲ. ದೇವಿಯೇ ಹುಡುಕಿ ತೆರೆದಳು. ಪರದೆಯ ಮೇಲೆ ಹಾವೊಂದು ಹರಿದಾಡತೊಡಗಿತು. ಆಟ! ದುರ್ಗಪ್ಪ ದಿನವೂ ಮಧ್ಯಾಹ್ನ "ಲೆಕ್ಕ ಕಲೀತೇನೆ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಇದಕ್ಕೆ. ಅವಳು ಮುಖ ಗಂಟಿಕ್ಕಿಕೊಂಡೇ ಹಾವನ್ನು ಬೇರೆ ಫ್ಲಾಪಿಗೆ ಹತ್ತಿಸಿದಳು.

ಹಳೆಯ ಡಾಸ್ ಎದ್ದಿತು. ಆದರೆ ನಲವತ್ತು ಮೆಗಾಬೈಟಿನ ಡಿಸ್ಕು ಈಗ ಮೂವತ್ತೆರಡೇ ಎಂದಿತು. ದುರ್ಗಪ್ಪ ಹೌಹಾರಿದ.

"ಉಳಿದ ಎಂಟು ಎಲ್ಲಿ ಹೋತು? ಭಟ್ಕಳದಲ್ಲಿ ಬಿಟ್ಟು ಬಂದ್ಯಾ?"

"ಡಿಸ್ಕು ಇಲ್ಲೇ ಇತ್ತಲ್ದ ದುರ್ಗಣ್ಣ, ನಾ ಹೇಗೆ ಬಿಡೂದು?" ಎಂದಳು ದೇವಿ. ಆದರೂ ತಾನೇ ಏನೋ ಕೆಡಿಸಿದೆನೆಂದು ಹೆದರಿ ಶಾಬಂದ್ರಿಯವರಿಗೆ ಫೋನು ಮಾಡಿದಳು. ಆ ಕಡೆಯಿಂದ ನಗು ಕೇಳಿಸಿತು. "ಹಳೇ ಡಾಸ್‌ಗೆ ಒಂದೇ ಸಲ ಅಷ್ಟು ದೊಡ್ಡದು ಕಾಣೋದಿಲ್ಲಮ್ಮಾ. ಉಳಿದದ್ದನ್ನ ಬೇರೆ ಭಾಗ ಮಾಡಿ ಕೊಡು, ಆಗ ಕಾಣ್ತದೆ."

ಅವರು ಹೇಳಿದಂತೆ ಮಾಡಿದಾಗ ಕಳೆದುಹೋದ ಎಂಟೂ ಸಿಕ್ಕವು. ಸಂಜೆ ದುರ್ಗಪ್ಪ ರಸ್ತೆಯಲ್ಲಿ ಸಿಕ್ಕವರಿಗೆಲ್ಲ, "ಮುಂಬಯಿಯವ ಒಂದೇ ಡಿಸ್ಕ್ ಕೊಟ್ಟಿದ್ದ. ನಾವು ಎರಡು ಮಾಡಿದ್ವು!" ಎನ್ನುತ್ತಿದ್ದ.

ಕನ್ನಡ ಪ್ರೋಗ್ರಾಂ ಈ ಸಲ ಸುಮ್ಮನೆ ಎದ್ದು ಬಂತು. ದೇವಿ "ತಿ" ಒತ್ತಿದಳು, "ಮ್ಮ" ಒತ್ತಿದಳು. ಕಪ್ಪು ಪರದೆಯಲ್ಲಿ ಹೆಸರು ಮೂಡುವುದನ್ನು ನೋಡುತ್ತ, ಪಕ್ಕದಲ್ಲಿ ಬಂದು ಕೂತಿದ್ದ ತಿಮ್ಮಪ್ಪ ಕುರ್ಚಿ ತುದಿಗೆ ಬಂದ. ಹಿಂದೆಯೇ, ಚುಕ್ಕೆ ಚುಕ್ಕೆಯಾಗಿ ಅಕ್ಷರ ಕುಟ್ಟುವ ಪ್ರಿಂಟರು ಗರಗರ ಅಂದಾಗ ಬೆಚ್ಚಿ ಎದ್ದು ನಿಂತ.

ಬಾಡದಲ್ಲಿ ನಡೆದ ತಿಮ್ಮಪ್ಪನ ಮದುವೆಗೆ ದೇವಿ ತಾಯಿಯನ್ನೂ ಕರೆದುಕೊಂಡು ಹೋದಳು. ಚಪ್ಪರದಲ್ಲಿ ಹುಡುಗನ ಕಡೆಯ ಅಜ್ಜಿಯೊಬ್ಬಳು ಕರೆಯೋಲೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಅಕ್ಷರ ಅಲ್ಲ ಇದು, ಸಾಸಿವೆ ಸಾಲಾಗಿ ಇಟ್ಟಾಂಗದೆ," ಎಂದಳು.

"ಓದುಕೆ ಬತ್ತದಲ್ದ ಅಜ್ಜಿ?" ದೇವಿ ಕೇಳಿದಳು.

"ನಂಗೆ ಓದುಕೇ ಬರೂದಿಲ್ಲ ಮಗಾ," ಎಂದ ಅಜ್ಜಿ ಪಕ್ಕಕ್ಕೆ ಸರಿದು, ತಾಯಿ ಮಗಳಿಬ್ಬರಿಗೂ ಊಟದ ಪಂಕ್ತಿಯಲ್ಲಿ ಜಾಗ ಮಾಡಿಕೊಟ್ಟಳು.