ಲೋಲಾಕ್ಷಿ ಗೋಲು ಕಾದ ಮಧ್ಯಾಹ್ನ

ಡೊಂಬಿವಲಿಯ ಲೋಲಾಕ್ಷಿ ಗೋಲ್‌ಕೀಪರ್ ಆದದ್ದು ಲೋಕಲ್ ಟ್ರೇನು ಕೈಕೊಟ್ಟಿದ್ದರಿಂದ. ಅಲ್ಲಿಯವರೆಗೆ ಆಕೆ ಡಿಫೆನ್ಸಿನಲ್ಲಿ ಆಡುತ್ತಿದ್ದಳು. ಉಡುಪಿ ಕಡೆಯ ಹೋಟೆಲಿನವರ ಮಗಳು ಚಡ್ಡಿ ಹಾಕಿಕೊಂಡು ಚೆಂಡು ಒದೆಯುತ್ತಾಳೆಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದ, ತೊಂಬತ್ತರ ದಶಕದ ಕೊನೆಯ ದಿನಗಳು ಅವು.

ಆ ಭಾನುವಾರ ಠಾಣೆ ನಗರದಲ್ಲಿ ಮಹಿಳಾ ಫುಟ್‌ಬಾಲ್ ಲೀಗಿನ ಪಂದ್ಯ. ಎದುರಾಳಿಗಳು ಹಿಂದಿನ ವರ್ಷದ ಚಾಂಪಿಯನ್ನರು. ಲೋಲಾಕ್ಷಿಯ ತಂಡದ್ದು ಕೊನೆಯ ಸ್ಥಾನ. ಆಕೆ ಬೆಳಿಗ್ಗೆಯೇ ಬಂದಿದ್ದಳು. ನಂತರದ ಟ್ರೇನು ಹತ್ತಿದ್ದ ಗೋಲ್‌ಕೀಪರ್ ಮೋಹಿನಿ ಮತ್ತು ಇನ್ನಿಬ್ಬರು ಮಾತ್ರ ಪತ್ತೆಯಿಲ್ಲ. ಓವರ್‌ಹೆಡ್ ವೈರು ತುಂಡಾಗಿ ಕಲ್ಯಾಣದ ಗಾಡಿಗಳೆಲ್ಲ ನಿಂತಿವೆಯೆಂದು ಸ್ಟೇಷನ್ನಿನಿಂದ ಸುದ್ದಿ ಬಂತು.

ಉಳಿದವರು ಎಂಟು ಮಂದಿ. ಪಂದ್ಯ ಬಿಟ್ಟುಕೊಡೋಣ ಎಂದರು ಕೋಚ್.

"ಎಂಟು ಜನ ಸಾಕಂತೆ ಸರ್, ರೆಫರಿಯನ್ನು ಕೇಳಿದೆ. ಗೋಲಲ್ಲಿ ನಾನು ನಿಲ್ತೇನೆ," ಎಂದಳು ಲೋಲಾಕ್ಷಿ.

"ಗ್ಲೌಸ್ ಮೋಹಿನಿ ಹತ್ರ ಇದೆಯಲ್ಲಮ್ಮ."

"ಇರ್ಲಿ. ನಾವು ಬಂದದ್ದು ಆಡ್ಲಿಕ್ಕೆ ಅಲ್ವಾ?"

ಬರಿಗೈಯಲ್ಲಿ ನಿಂತಳು. ಚೆಂಡು ಒಂದರ ಹಿಂದೊಂದು ಬಂತು. ಕೈಗೆ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದಳು, ಸಿಗದ್ದಕ್ಕೆ ಮೊಣಕಾಲು, ಎದೆ, ಏನು ಮುಂದಿತ್ತೋ ಅದನ್ನೇ ಒಡ್ಡಿದಳು. ದ್ವಿತೀಯಾರ್ಧದಲ್ಲಿ ಎದುರಾಳಿಗಳ ಫಾರ್ವರ್ಡ್ ಒಬ್ಬಳೇ ನುಗ್ಗಿ ಬಂದಳು. ಲೋಲಾಕ್ಷಿ ಅವಳ ಕಾಲಿಗೇ ಹಾರಿ ಚೆಂಡನ್ನು ಅಪ್ಪಿಕೊಂಡಳು. ಬೂಟು ಮೂಗಿಗೆ ಬಡಿಯಿತು.

"ಯವ್ವಾ!" ಎಂದು ಚೀರಿದವಳು ಒದ್ದವಳೇ.

ರಕ್ತ ಸುರಿಯುತ್ತಿದ್ದರೂ ಲೋಲಾಕ್ಷಿಗೆ ನಗು ಬಂತು. "ನೀನು ಕನ್ನಡದವ್ಳಾ ಮಾರಾಯ್ತಿ?"

"ಹೌದ್ರಿ ಅಕ್ಕಾ. ನಾ ಸುಲೋಚನಾ, ಇಲ್ಲೇ ಕಳವಾ ಊರಾಗ ಇರ್ತೀವಿ. ಮೂಗು ಒಡದೈತ್ರಿ, ಹೊರಗ ಹೋಗ್ರಿ."

"ನಾನು ಹೋದ್ರೆ ಇಲ್ಲಿ ಯಾರು ನಿಲ್ಲುದು? ನೀನು ಒದಿ, ನಾನು ಹಿಡೀತೇನೆ."

ಮೂಗಿಗೆ ಹತ್ತಿ ತುರುಕಿಕೊಂಡು ರಕ್ತ ನಿಂತ ಮೇಲೆ ಮತ್ತೆ ಎದ್ದು ನಿಂತಳು. ಸುಲೋಚನಾ ಒಂದಿಷ್ಟೂ ರಿಯಾಯಿತಿ ತೋರಲಿಲ್ಲ. ಕೊನೆಗೆ ತೀರಾ ಹತ್ತಿರದಿಂದ ಅವಳು ತಲೆಯಲ್ಲಿ ಹೊಡೆದ ಚೆಂಡು ಲೋಲಾಕ್ಷಿಯ ಬೆರಳ ತುದಿಗೆ ತಗುಲಿ, ಗೋಲಿನ ಅಡ್ಡಕಂಬಕ್ಕೆ ಬಡಿದು ಆಚೆ ಹೋಯಿತು. ರೆಫರಿ ಕೊನೆಯ ಸೀಟಿ ಊದಿದರು. ಸೊನ್ನೆ-ಸೊನ್ನೆ. ಎಂಟು ಹುಡುಗಿಯರೂ ಕಪ್ ಗೆದ್ದವರಂತೆ ಒಬ್ಬರ ಮೇಲೊಬ್ಬರು ಬಿದ್ದು ಅತ್ತರು.

ಡಾಕ್ಟರ ಹತ್ತಿರ ಕರೆದೊಯ್ದು, ಟ್ರೇನು ಶುರುವಾದ ಮೇಲೆ ಡೊಂಬಿವಲಿಯ ಮನೆಯವರೆಗೂ ಬಂದವಳು ಸುಲೋಚನಾ. ಬಾಗಿಲು ತೆರೆದ ತಾಯಿ ರತ್ನಾವತಿ ಮಗಳ ಮುಖ ನೋಡಿ ಗಾಬರಿಯಾದರು.

"ಅಯ್ಯೋ ದೇವರೇ, ಯಾರು ಮಾಡಿದ್ದು ಇದು?"

"ನಾನ ರೀ," ಎಂದು ಸುಲೋಚನಾ ತಲೆ ತಗ್ಗಿಸಿದಳು.

ರತ್ನಾವತಿ ಅವಳನ್ನೊಮ್ಮೆ ನೋಡಿ ಮಗಳತ್ತ ತಿರುಗಿದರು. "ಗೆದ್ರಾ?"

"ಇಲ್ಲಮ್ಮ," ಎಂದಳು ಲೋಲಾಕ್ಷಿ.

"ಸೋತ್ರಾ?"

"ಅದೂ ಇಲ್ಲ."

"ಹಾಗಾದ್ರೆ ಇಬ್ರೂ ಕೈ ತೊಳ್ದು ಬನ್ನಿ, ಊಟ ಮಾಡಿ."

ಆ ವರ್ಷವೂ ತಂಡ ಕೊನೆಯಲ್ಲೇ ಉಳಿಯಿತು. ಆದರೆ ಮೋಹಿನಿ ತಾನಾಗಿ ಗೋಲ್‌ಕೀಪರ್ ಜಾಗ ಬಿಟ್ಟುಕೊಟ್ಟು ಡಿಫೆನ್ಸಿಗೆ ಸರಿದಳು. ಲೋಲಾಕ್ಷಿ ಮದುವೆಯಾಗಿ ನೆರೂಳಿಗೆ ಹೋದ ಮೇಲೂ ಆಡಿದಳು. ಈಗ ಅಲ್ಲಿಯ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸುತ್ತಾಳೆ. ಅವರತ್ತ ಚೆಂಡು ಒದೆಯಲು ಸುಲೋಚನಾ ಕಳವಾದಿಂದ ಬರುತ್ತಾಳೆ.

ಮೊನ್ನೆ ಲೋಲಾಕ್ಷಿಯ ಮಗಳು ದಿಶಾ ಕೇಳಿದಳು: "ಆಂಟಿ, ಝೀರೋ-ಝೀರೋ ಮೆ ಕ್ಯಾ ಮಜಾ ಥಾ?"

"ನನಗೇನೂ ಮಜಾ ಇರಲಿಲ್ಲ ಬಿಡವಾ," ಎಂದು ಸುಲೋಚನಾ ನಕ್ಕಳು. "ಎಲ್ಲಾ ಮಜಾ ನಿಮ್ಮವ್ವಂದ ಇತ್ತು."